ನಕ್ಷೆಯ ಜೊತೆ ಷರಾ ಕಾಲಮ್ಮನ್ನೂ ಅಚ್ಚು ಮಾಡಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಈಚೆಗೆ ಬಂದ ‘ಕಡಲ ಹಕ್ಕಿಯ ಗೂಡು ಪತ್ತೆ ಹಚ್ಚಿದ ಕಂಪ್ಯೂಟರ್’ ಎಂಬ ಬರಹ ಓದಿ ಈ ಪತ್ರ ಬರೆಯುತ್ತಿದ್ದೇನೆ. ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿಯ ಮಾರ್ಬಲ್ಡ್ ಮರ್ಲೆಟ್ ಎಂಬ ಹಕ್ಕಿಗೆ ಕನ್ನಡದ ಪತ್ರಿಕೆಯೊಂದು ಅರ್ಧ ಪುಟ ಕೊಟ್ಟದ್ದು ಸಂತೋಷದ ವಿಷಯ. ಆದರೆ ಆ ಬರಹದಲ್ಲಿ ಉಪಗ್ರಹವು ಗೂಡುಗಳನ್ನೇ ಎಣಿಸುತ್ತದೆ ಎಂಬ ಅರ್ಥ ಬರುವ ಮಾತಿದೆ. ನಕ್ಷೆಯಲ್ಲಿ ಬಣ್ಣ ಬೀಳದ ಜಾಗದಲ್ಲಿ ಹಕ್ಕಿಯೂ ಇಲ್ಲ, ಆದ್ದರಿಂದ ಅಲ್ಲಿ ಕಡಿತಲೆಗೆ ಅಡ್ಡಿಯಿಲ್ಲ ಎಂಬ ಸೂಚನೆಯಿದೆ. ಇನ್ನು ಕಾಡು ಸುತ್ತುವ ಖರ್ಚು ಉಳಿಯಿತು ಎಂಬ ಸಮಾಧಾನದೊಂದಿಗೆ ಅದು ಮುಗಿಯುತ್ತದೆ. ಇದನ್ನು ತಿದ್ದದೆ ಬಿಟ್ಟರೆ ಹಕ್ಕಿಯ ಬಗ್ಗೆ ಓದುಗರಲ್ಲಿ ತಪ್ಪು ತಿಳಿವಳಿಕೆ ಉಳಿಯುತ್ತದೆ, ಅಂಥ ನಕ್ಷೆಗಳನ್ನು ತಯಾರಿಸುವವರಿಗೂ ಅನ್ಯಾಯವಾಗುತ್ತದೆ. ಏಕೆಂದರೆ ಆ ಕೆಲಸದಲ್ಲಿ ಪಳಗಿದವರು ಹಾಗೆ ಹೇಳಿಕೊಳ್ಳುವುದಿಲ್ಲ.

ನಾನು ವಿಜ್ಞಾನಿಯಲ್ಲ. ಮಲೆನಾಡಿನ ಕೂಪುಗಳಲ್ಲಿ ಮರದ ಎಣಿಕೆ, ಸುತ್ತಳತೆ, ನಾಟಾದ ಲೆಕ್ಕ ಬರೆಯುತ್ತ ಮೂವತ್ತು ವರ್ಷ ಕಳೆದು ನಿವೃತ್ತನಾದವನು. ಮಗಳ ಸಂಸಾರ ಓರೆಗಾನ್ ರಾಜ್ಯದಲ್ಲಿರುವುದರಿಂದ ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯನ್ನು ಅಲ್ಲಿ ಕಳೆದೆ. ಅವಳ ನೆರೆಮನೆಯವರು ಇದೇ ಹಕ್ಕಿಯ ಸಮೀಕ್ಷೆಗೆ ಹೋಗುವವರಾದ್ದರಿಂದ ಎರಡು ದಿನ ಬೆಳಗಿನ ಜಾವ ಅವರ ಬೆನ್ನ ಹಿಂದೆ ಕಾಡಿಗೆ ಹೋಗುವ ಅವಕಾಶ ಸಿಕ್ಕಿತು. ಮಿಕ್ಕಿದ್ದು ಊರಿಗೆ ಮರಳಿದ ಮೇಲೆ ಓದಿ ತಿಳಿದುಕೊಂಡದ್ದು.

ಹೆಸರು ನಮ್ಮ ಕಿವಿಗೆ ‘ಮರ’ದಿಂದಲೇ ಶುರುವಾದಂತೆ ಕೇಳಿಸಿದರೂ ಹಕ್ಕಿ ಮಾತ್ರ ಅಪ್ಪಟ ಕಡಲಿನದು. ಪಾರಿವಾಳಕ್ಕಿಂತ ಚಿಕ್ಕದಾದ, ಸುಮಾರು 220 ಗ್ರಾಂ ತೂಗುವ ಇದು ನೀರಿನೊಳಗೆ ಮುಳುಗಿ, ರೆಕ್ಕೆಗಳನ್ನೇ ಹುಟ್ಟಿನಂತೆ ಬಡಿಯುತ್ತ, ಆಂಚೊವಿ, ನಮ್ಮ ಬೂತಾಯಿಯ ಬಳಗದ ಹೆರಿಂಗ್ ಮುಂತಾದ ಸಣ್ಣ ಮೀನು ಹಿಡಿದು ಬದುಕುತ್ತದೆ. ಇದರ ಬಂಧುಗಳಲ್ಲಿ ಹೆಚ್ಚಿನವು ಕಡಲ ಬಂಡೆಗಳಲ್ಲೋ ದ್ವೀಪದ ಬಿಲಗಳಲ್ಲೋ ಗುಂಪುಗೂಡಿ ಮೊಟ್ಟೆಯಿಡುತ್ತವೆ. ಇದು ಬೇರೆ ದಾರಿ ಹಿಡಿದಿದೆ. ಅಲಾಸ್ಕದ ಕೆಲವು ಮರವಿಲ್ಲದ ಕಡೆಗಳಲ್ಲಿ ನೆಲದ ಮೇಲೆ ಮೊಟ್ಟೆಯಿಡುವುದುಂಟಾದರೂ, ಅಲ್ಲಿಂದ ಕ್ಯಾಲಿಫೋರ್ನಿಯದ ಸಾಂತಾಕ್ರೂಝ್ ಬೆಟ್ಟಗಳವರೆಗೆ ಹಬ್ಬಿದ ತನ್ನ ಸೀಮೆಯ ಬಹುಪಾಲಿನಲ್ಲಿ ಇದು ನೂರಾರು ವರ್ಷ ಹಳೆಯದಾದ ಡಗ್ಲಸ್ ಫರ್, ಸಿಟ್ಕಾ ಸ್ಪ್ರೂಸ್, ಹೆಮ್ಲಾಕ್, ರೆಡ್‌ವುಡ್ ಮರಗಳ ಮೇಲೆ, ಸಮುದ್ರದಿಂದ ಕೆಲವೊಮ್ಮೆ 80 ಕಿಲೋಮೀಟರ್ ಒಳನಾಡಿನಲ್ಲಿ ಮರಿ ಮಾಡುತ್ತದೆ. ಮೊಟ್ಟೆ ಒಂದೇ. ಗಂಡು ಹೆಣ್ಣು ಸರದಿಯ ಮೇಲೆ ಇಪ್ಪತ್ತನಾಲ್ಕು ಗಂಟೆಗೊಮ್ಮೆ ಪಾಳಿ ಬದಲಿಸುತ್ತ ಸುಮಾರು ಒಂದು ತಿಂಗಳು ಕಾವು ಕೂರುತ್ತವೆ. ಮರಿಯಾದ ಮೇಲೆ ನಸುಕಿನಲ್ಲೂ ಮುಸ್ಸಂಜೆಯಲ್ಲೂ ಕೊಕ್ಕಿನಲ್ಲಿ ಒಂದೊಂದೇ ಮೀನು ಕಚ್ಚಿಕೊಂಡು ಬಂದು ಹೋಗುತ್ತವೆ. ಮರಿ ಬಲಿತ ದಿನ ತನ್ನ ಮೈಮೇಲಿನ ತುಪ್ಪುಳನ್ನು ತಾನೇ ಕಿತ್ತುಕೊಂಡು, ಯಾರೂ ಜೊತೆಗಿಲ್ಲದೆ, ಹಿಂದೆಂದೂ ಕಾಣದ ಸಮುದ್ರದತ್ತ ಒಂಟಿಯಾಗಿ ಹಾರುತ್ತದೆ.

ಈ ಹಕ್ಕಿಗೆ ವೈಜ್ಞಾನಿಕ ಹೆಸರು ಬಿದ್ದದ್ದು 1789ರಲ್ಲಿ. ಉತ್ತರ ಅಮೆರಿಕದಲ್ಲಿ ಮರದ ಮೇಲಿನ ಇದರ ಗೂಡು ಕಣ್ಣಿಗೆ ಬಿದ್ದದ್ದು 1974ರಲ್ಲಿ. ಅದನ್ನು ಕಂಡವರು ಪಕ್ಷಿತಜ್ಞರೂ ಅಲ್ಲ. ಕ್ಯಾಲಿಫೋರ್ನಿಯದ ಬಿಗ್ ಬೇಸಿನ್ ಉದ್ಯಾನದಲ್ಲಿ ಅಪಾಯದ ಕೊಂಬೆ ಸವರಲು ಡಗ್ಲಸ್ ಫರ್ ಮರವೊಂದನ್ನು ಹತ್ತಿದ್ದ ಕೆಲಸಗಾರರೊಬ್ಬರು ನೆಲದಿಂದ ಸುಮಾರು 45 ಮೀಟರ್ ಎತ್ತರದಲ್ಲಿ ಇನ್ನೇನು ಮರಿಯ ಮೇಲೆ ಕಾಲಿಡುವವರಿದ್ದರು. ಅದಕ್ಕೆ ಮುಂಚೆ ನಾಟಾ ಕಡಿಯುವವರು ಈ ಹಕ್ಕಿಯ ದನಿಯನ್ನು ಮಂಜಿನೊಳಗಿಂದ ಕೇಳಿ, ಮೈ ಕಾಣದೆ, ‘ಮಂಜಿನ ಬಾನಾಡಿ’ ಎಂಬರ್ಥದ ಹೆಸರಿಟ್ಟು ಕರೆಯುತ್ತಿದ್ದರು. ಎಂದರೆ, ತಮ್ಮ ತಲೆಯ ಮೇಲೆಯೇ ಹಾದುಹೋಗುತ್ತಿದ್ದ ಹಕ್ಕಿ ಯಾವುದೆಂದು ತಿಳಿಯದೆಯೇ ಅದರ ಮರಗಳು ಉರುಳಿಹೋದವು. ಕರಾವಳಿಯ ರೆಡ್‌ವುಡ್ ಹಳೆಗಾಡಿನಲ್ಲಂತೂ ಇಂದು ಉಳಿದಿರುವುದು ನೂರಕ್ಕೆ ಐದರಷ್ಟು.

ಇಷ್ಟನ್ನು ಹೇಳಿದ್ದು ಒಂದು ಕಾರಣಕ್ಕೆ. ಈ ಹಕ್ಕಿ ಗೂಡು ಕಟ್ಟುವುದೇ ಇಲ್ಲ. ಕಡ್ಡಿ ತರುವುದಿಲ್ಲ, ಹುಲ್ಲು ಹಾಸುವುದಿಲ್ಲ. ಅದಕ್ಕೆ ಬೇಕಾದದ್ದು ಮೊಟ್ಟೆ ಉರುಳದಷ್ಟು ಅಗಲದ, ಪಾಚಿ ದಪ್ಪವಾಗಿ ಬೆಳೆದ ಒಂದು ಕೊಂಬೆ, ಆ ಕೊಂಬೆಯ ಮೇಲೆ ಹೊದಿಕೆಯಂತೆ ಇನ್ನೊಂದು, ಪಕ್ಕದಲ್ಲಿ ಹಾರಿ ಬಂದು ಹೋಗಲು ಒಂದಿಷ್ಟು ತೆರಪು. ರೆಕ್ಕೆ ಚಿಕ್ಕದಾಗಿ ಮೈ ಭಾರವಾಗಿರುವುದರಿಂದ ಇದು ಗುಬ್ಬಿಯ ಹಾಗೆ ಎಲ್ಲೆಂದರಲ್ಲಿ ಇಳಿಯಲಾರದು. ವೇಗವಾಗಿಯೇ ಬರಬೇಕು, ಹೊರಡುವಾಗ ಕೊಂಬೆಯಿಂದ ಕೆಳಕ್ಕೆ ಬಿದ್ದು ವೇಗ ಪಡೆಯಬೇಕು. ಅಲ್ಲಿಯ ಸಮೀಕ್ಷಕರು ಇಂಥ ಕೊಂಬೆಯನ್ನು ‘ಪ್ಲಾಟ್‌ಫಾರ್ಮ್’ ಎನ್ನುತ್ತಾರೆ. ಕನಿಷ್ಠ 10 ಸೆಂಟಿಮೀಟರ್ ದಪ್ಪ, ನೆಲದಿಂದ ಕನಿಷ್ಠ 10 ಮೀಟರ್ ಎತ್ತರ ಎಂಬುದು ಅವರ ಸಾಮಾನ್ಯ ಅಳತೆ. ಮರಕ್ಕೆ ಬಂದಳಿಕೆ ಹಿಡಿದು ಊದಿಕೊಂಡ ಗಂಟು, ಗಾಳಿಗೆ ತುದಿ ಮುರಿದ ಮೇಲೆ ಅಡ್ಡ ಬೆಳೆದ ರೆಂಬೆ, ಹಳೆಯ ಗಾಯದ ಉಬ್ಬು, ಇವೂ ಆ ಲೆಕ್ಕಕ್ಕೆ ಸೇರುತ್ತವೆ. ಮರ ಹೀಗಾಗಲು ಸಾಮಾನ್ಯವಾಗಿ 150–200 ವರ್ಷವಾದರೂ ಬೇಕು.

ನನ್ನಂಥವನಿಗೆ ಇಲ್ಲಿ ಎದೆ ಚುರುಕ್ಕೆನ್ನುತ್ತದೆ. ನಮ್ಮ ಎಣಿಕೆ ಪುಸ್ತಕದಲ್ಲಿ ಮರದ ಜಾತಿ, ಸುತ್ತಳತೆ, ಎತ್ತರ ಬರೆದಾದ ಮೇಲೆ ಬಲಗಡೆಗೆ ಒಂದು ಷರಾ ಕಾಲಮ್ ಇರುತ್ತಿತ್ತು. ಕೊಂಬೆ ಗಂಟುಗಂಟಾಗಿದ್ದರೆ, ಬುಡ ಟೊಳ್ಳಾಗಿದ್ದರೆ ಅಲ್ಲಿ ‘ದೋಷಯುಕ್ತ’ ಎಂದೋ ‘ನಾಟಾಕ್ಕೆ ಅಯೋಗ್ಯ’ ಎಂದೋ ಗೀಚುತ್ತಿದ್ದೆವು. ಒಮ್ಮೆ ದೊಡ್ಡ ಹೆಬ್ಬಲಸಿನ ಮರವೊಂದಕ್ಕೆ ‘ಪೊಟರೆ’ ಎಂಬ ಮೂರಕ್ಷರ ಬರೆದು ಮುಂದೆ ಹೋದದ್ದು ನೆನಪಿದೆ. ಆ ಪೊಟರೆಯ ಬಾಯಿಗೆ ಮಣ್ಣು ಮೆತ್ತಿದ್ದಂತಿತ್ತು, ಸಣ್ಣದೊಂದು ಸೀಳು ಮಾತ್ರ ತೆರೆದಿತ್ತು, ಕೆಳಗೆ ಹಣ್ಣಿನ ಬೀಜಗಳ ರಾಶಿ ಬಿದ್ದಿತ್ತು. ಮಂಗಟ್ಟೆಯ ಹೆಣ್ಣು ಒಳಗೆ ಕೂತಿದೆ ಎಂಬುದು ಹಾಡಿಯ ಹುಡುಗರಿಗೂ ಗೊತ್ತಿರುವ ವಿಷಯ, ನನಗೂ ಗೊತ್ತಿತ್ತು. ಆದರೆ ಅದನ್ನು ಬರೆಯಲು ಕಾಲಮ್ ಇರಲಿಲ್ಲ, ಇದ್ದ ಕಾಲಮ್ಮಿನಲ್ಲಿ ಬರೆದದ್ದನ್ನು ಯಾರೂ ಓದುತ್ತಿರಲಿಲ್ಲ. ಓರೆಗಾನ್‌ನ ಕಾಡಿನಲ್ಲಿ ಬಂದಳಿಕೆ ಹಿಡಿದ ಕೊಂಬೆಯನ್ನು ತೋರಿಸಿ ‘ಹಕ್ಕಿಗೆ ಬೇಕಾದದ್ದು ಇದೇ’ ಎಂದು ಆ ನೆರೆಯವರು ಹೇಳಿದಾಗ ನನಗೆ ಮೊದಲು ನೆನಪಾದದ್ದು ಆ ಮೂರಕ್ಷರ.

ಈಗ ನಕ್ಷೆಯ ವಿಷಯ. ಅಮೆರಿಕದ ಕೇಂದ್ರ ಸರ್ಕಾರ 1992ರಲ್ಲಿ ವಾಷಿಂಗ್ಟನ್, ಓರೆಗಾನ್, ಕ್ಯಾಲಿಫೋರ್ನಿಯ ರಾಜ್ಯಗಳಲ್ಲಿ ಈ ಹಕ್ಕಿಯನ್ನು ಅಳಿವಿನ ಭೀತಿಯಲ್ಲಿರುವ ಪಟ್ಟಿಗೆ ಸೇರಿಸಿತು. 1994ರಲ್ಲಿ ಜಾರಿಗೆ ಬಂದ ವಾಯವ್ಯ ಅರಣ್ಯ ಯೋಜನೆಯಡಿ ಉಳಿದ ಹಳೆಗಾಡಿನ ಮೇಲೆ ನಿಗಾ ಇಡುವ ವ್ಯವಸ್ಥೆಯೂ ಆಯಿತು. ಅಷ್ಟು ದೊಡ್ಡ ಸೀಮೆಯಲ್ಲಿ ಮರ ಮರ ಹತ್ತಿ ನೋಡುವುದು ಯಾರಿಂದಲೂ ಆಗದ ಮಾತು. ಆದ್ದರಿಂದ ಅವರು ಹಿಡಿದ ದಾರಿ ಹೀಗಿದೆ. ಕಾಡಿನಲ್ಲಿ ಅಲ್ಲಲ್ಲಿ ಮಾದರಿ ತಾಕುಗಳನ್ನು ಗುರುತಿಸಿ, ನಾವು ಮಾಡುತ್ತಿದ್ದಂತೆಯೇ, ಮರಗಳ ಜಾತಿ, ಗಾತ್ರ, ಎತ್ತರಗಳನ್ನು ಅಳೆಯುತ್ತಾರೆ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದಲ್ಲಿ ಪ್ರತಿಯೊಂದು ಚೌಕವೂ 30 ಮೀಟರ್ ಉದ್ದ, 30 ಮೀಟರ್ ಅಗಲ; ನಮ್ಮ ಲೆಕ್ಕದಲ್ಲಿ ಸುಮಾರು 9 ಗುಂಟೆ. ಯಾವ ಚೌಕದ ಬಣ್ಣ, ಮಳೆ, ಎತ್ತರ, ಇಳಿಜಾರು ಯಾವ ಮಾದರಿ ತಾಕಿಗೆ ಹೆಚ್ಚು ಹೋಲುತ್ತದೋ ಆ ತಾಕಿನ ಮರಗಳೇ ಈ ಚೌಕದಲ್ಲೂ ಇವೆ ಎಂದು ಎಣಿಸಿ ಇಡೀ ಸೀಮೆಯನ್ನು ತುಂಬಿಸುತ್ತಾರೆ. ಆಮೇಲೆ, ಹಕ್ಕಿ ಗೂಡು ಮಾಡಿದ್ದು ಗೊತ್ತಿರುವ ಅಥವಾ ಮಾಡಿರಬಹುದೆಂಬ ಬಲವಾದ ಕುರುಹು ಸಿಕ್ಕಿರುವ ಜಾಗಗಳ ಪಟ್ಟಿಯನ್ನು ಮ್ಯಾಕ್ಸೆಂಟ್ ಎಂಬ ತಂತ್ರಾಂಶಕ್ಕೆ ಕೊಡುತ್ತಾರೆ. ಅದು ಆ ಜಾಗಗಳ ಚಹರೆಯನ್ನು, ಎಂದರೆ ಪ್ಲಾಟ್‌ಫಾರ್ಮ್ ಇರಬಹುದಾದ ದೊಡ್ಡ ಮರಗಳ ಸಂಖ್ಯೆ, ಮರದ ತಲೆಗಳು ಕೂಡಿ ಆದ ಛಾವಣಿಯ ದಟ್ಟಣೆ, ಅದರ ಮೇಲ್ತಟ್ಟು ಕೆಳತಟ್ಟುಗಳ ಏರಿಳಿತ, ಕಾಡಿನ ಅಂಚಿನಿಂದ ಇರುವ ದೂರ ಮುಂತಾದವನ್ನು, ಇಡೀ ಸೀಮೆಯ ಸಾಮಾನ್ಯ ಚಹರೆಯೊಂದಿಗೆ ಹೋಲಿಸಿ, ಪ್ರತಿ ಚೌಕಕ್ಕೂ ಸೊನ್ನೆ ಮತ್ತು ಒಂದರ ನಡುವಿನ ಒಂದು ಅಂಕ ಕೊಡುತ್ತದೆ. ತಮ್ಮ ಬರಹದಲ್ಲಿ ‘ಗೂಡು’ ಎಂದು ಕರೆದಿರುವುದು ಈ ಅಂಕವನ್ನು. ಅದು ಗೂಡಲ್ಲ, ಗೂಡಿಗೆ ಒದಗಬಹುದಾದ ಕಾಡಿನ ಹೋಲಿಕೆ.

ಈ ಕೆಲಸವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಅದರಿಂದ ತಿಳಿದುಬಂದದ್ದನ್ನು ಬೇರೆ ಯಾವ ದಾರಿಯಿಂದಲೂ ತಿಳಿಯಲಾಗುತ್ತಿರಲಿಲ್ಲ. ಆ ಮೂರು ರಾಜ್ಯಗಳಲ್ಲಿ ಯೋಜನೆಯ ವ್ಯಾಪ್ತಿಯ ಒಳಗೆ 1993ರಲ್ಲಿ ಸುಮಾರು 25.3 ಲಕ್ಷ ಎಕರೆ ಇದ್ದ ಸಂಭಾವ್ಯ ಗೂಡುಗಾಡು 2012ರ ವೇಳೆಗೆ ಸುಮಾರು 22.3 ಲಕ್ಷ ಎಕರೆಗೆ ಇಳಿದಿತ್ತು, ಎಂದರೆ ಶೇ 12ರಷ್ಟು ಹೋಗಿತ್ತು. ಆ ಒಟ್ಟು ಅಂಕಿಯನ್ನು ಬಿಡಿಸಿ ನೋಡಿದರೆ ಕೇಂದ್ರ ಸರ್ಕಾರದ ಜಮೀನಿನಲ್ಲಿ ನಷ್ಟ ಶೇ 2ರ ಆಸುಪಾಸು, ಅದೂ ಹೆಚ್ಚಾಗಿ ಬೆಂಕಿಯಿಂದ. ಉಳಿದ ಜಮೀನಿನಲ್ಲಿ ಶೇ 27ರ ಆಸುಪಾಸು, ಅದು ಮುಖ್ಯವಾಗಿ ಕಡಿತಲೆಯಿಂದ. ಇಂಥ ಲೆಕ್ಕ ಗಾರ್ಡುಗಳ ಡೈರಿಯಿಂದ ಹೊರಡುವುದಿಲ್ಲ. ಹಕ್ಕಿಯ ಎಣಿಕೆಯನ್ನು ಅವರು ಕಾಡಿನಲ್ಲಿ ಮಾಡುವುದಿಲ್ಲ, ದೋಣಿಯಲ್ಲಿ ಹೋಗಿ ಕಡಲಿನಲ್ಲಿ ಮಾಡುತ್ತಾರೆ. ಆ ಕಡಲಿನ ಎಣಿಕೆಗೂ ದಡದ ಒಳಗಿನ ಗೂಡುಗಾಡಿನ ಪ್ರಮಾಣಕ್ಕೂ ನಿಕಟ ಸಂಬಂಧವಿದೆ ಎಂಬುದು ಗೊತ್ತಾದದ್ದು ಈ ನಕ್ಷೆಗಳಿಂದಲೇ. ವಾಷಿಂಗ್ಟನ್ ರಾಜ್ಯದಲ್ಲಿ 2001ರಿಂದ 2015ರ ನಡುವೆ ಹಕ್ಕಿಯ ಸಂಖ್ಯೆ ಶೇ 44ರಷ್ಟು ಕುಸಿದಿತ್ತು. ಓರೆಗಾನ್ ತನ್ನ ರಾಜ್ಯದ ಪಟ್ಟಿಯಲ್ಲಿ 2021ರಲ್ಲಿ ಇದನ್ನು ಇನ್ನೂ ಗಂಭೀರವಾದ ವರ್ಗಕ್ಕೆ ಏರಿಸಿತು.

ದೊಡ್ಡ ಸೀಮೆಗೆ ಸರಿಯಾದ ಅಳತೆ ಒಂದು ತಾಕಿಗೆ ಸರಿಹೋಗುವುದಿಲ್ಲ ಎಂಬುದೇ ನನ್ನ ತಕರಾರು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ; ಒಂದೇ ಪಾತ್ರೆಯ ಅನ್ನಕ್ಕೆ ಅದು ನಿಜ, ಕಾಡಿನಲ್ಲಿ ಪಕ್ಕಪಕ್ಕದ ಎರಡು ಮರಗಳು ಒಂದೇ ಪಾತ್ರೆಯವಲ್ಲ. ಮೇಲಿನಿಂದ ನೋಡುವ ಉಪಗ್ರಹಕ್ಕೆ ಹಸಿರು ಛಾವಣಿ ಕಾಣುತ್ತದೆಯೇ ಹೊರತು ಆ ಛಾವಣಿಯ ಕೆಳಗೆ ನಾಲ್ಕು ಇಂಚು ದಪ್ಪದ ಕೊಂಬೆಯ ಮೇಲೆ ಪಾಚಿ ಇದೆಯೋ ಇಲ್ಲವೋ ಕಾಣುವುದಿಲ್ಲ. ವಿಮಾನದಿಂದ ಲೇಸರ್ ಬಿಟ್ಟು ಅಳೆಯುವ ಲೈಡಾರ್ ಮರಗಳ ಎತ್ತರವನ್ನೂ ನಡುವಿನ ತೆರಪುಗಳನ್ನೂ ಚೆನ್ನಾಗಿ ತೋರಿಸುತ್ತದೆ. ಪಾಚಿಯ ವಿಷಯದಲ್ಲಿ ಅದೂ ಕೈಚೆಲ್ಲುತ್ತದೆ. ಕೆನಡದ ಬ್ರಿಟಿಷ್ ಕೊಲಂಬಿಯದವರು ಇದನ್ನು ಅರಿತೇ, ತರಬೇತಾದವರನ್ನು ಹೆಲಿಕಾಪ್ಟರಿನಲ್ಲಿ ಕೂರಿಸಿ, ಮರಗಳ ತಲೆಯ ಮೇಲೆ ತೀರ ಕೆಳಮಟ್ಟದಲ್ಲಿ ಹಾರಿಸಿ, ಕೊಂಬೆ ಮತ್ತು ಪಾಚಿಯನ್ನು ಕಣ್ಣಾರೆ ನೋಡಿ ಕಾಡನ್ನು ಆರು ದರ್ಜೆಗಳಲ್ಲಿ ವಿಂಗಡಿಸುವ ಪದ್ಧತಿ ಇಟ್ಟುಕೊಂಡಿದ್ದಾರೆ. ಹಳೆಯ ಕಾಲದ ಕ್ರಮ ಎಂದು ನಗುವವರು ನಗಲಿ, ನನಗೆ ಅದು ಷರಾ ಕಾಲಮ್ಮಿಗೆ ಕೊಟ್ಟ ಮರ್ಯಾದೆಯಂತೆ ಕಾಣುತ್ತದೆ.

ಬಣ್ಣ ಬೀಳದ ಚೌಕದಲ್ಲಿ ಹಕ್ಕಿಯಿಲ್ಲ ಎಂಬ ಮಾತು ಏಕೆ ಅಪಾಯಕಾರಿ ಎಂಬುದು ಕಾಡಿಗೆ ಹೋದ ಆ ಬೆಳಗಿನ ಜಾವ ನನಗೆ ಮನವರಿಕೆಯಾಯಿತು. ನಿಯಮದ ಪ್ರಕಾರ ಸೂರ್ಯೋದಯಕ್ಕೆ 45 ನಿಮಿಷ ಮುಂಚೆ ಸಮೀಕ್ಷೆ ಶುರುವಾಗಿ ಸೂರ್ಯೋದಯದ ಬಳಿಕ 75 ನಿಮಿಷದವರೆಗೆ ನಡೆಯಬೇಕು. ಕತ್ತಲೆಯಲ್ಲೇ ನಡೆದು ಹೋಗಿ, ಮರಗಳ ನಡುವೆ ಆಕಾಶದ ತುಂಡೊಂದು ಕಾಣುವಲ್ಲಿ ಚಾಪೆ ಹಾಸಿ ಅಂಗಾತ ಮಲಗಿದೆವು. ಜುಲೈ ತಿಂಗಳಾದರೂ ಚಳಿ. ಮಂಜು ಕೊಂಬೆಗಳಲ್ಲಿ ಹನಿಗಟ್ಟಿ ಕನ್ನಡಕದ ಮೇಲೆ ತೊಟ್ಟಿಕ್ಕುತ್ತಿತ್ತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಎಲ್ಲೋ ಮೇಲೆ ‘ಕೀರ್, ಕೀರ್’ ಎಂಬ ತೆಳ್ಳನೆಯ ಕೂಗು ಎರಡು ಸಲ ಕೇಳಿ ಸಮುದ್ರದ ಕಡೆಗೆ ಸರಿದುಹೋಯಿತು. ನೆರೆಯವರು ಗಡಿಯಾರ ನೋಡಿ ಹಾಳೆಯಲ್ಲಿ ಗುರುತು ಹಾಕಿಕೊಂಡರು. ಇನ್ನೊಂದು ಕಾಲು ಗಂಟೆ ಕಳೆದ ಮೇಲೆ ಕವಣೆಯಿಂದ ಹೊಡೆದ ಕಲ್ಲಿನಂತೆ ಏನೋ ಒಂದು ಕಪ್ಪಾಗಿ, ಸದ್ದಿಲ್ಲದೆ, ಮರದ ತುದಿಗಳಿಗಿಂತ ಕೆಳಗೆ ಎರಡು ಕಾಂಡಗಳ ನಡುವಿನಿಂದ ಹಾದುಹೋಯಿತು. ನಾನು ಕಣ್ಣು ಮಿಟುಕಿಸಿದ್ದರೆ ಅದೂ ತಪ್ಪಿಹೋಗುತ್ತಿತ್ತು. ಅವರು ಚಾಪೆಯಿಂದ ಅರ್ಧ ಎದ್ದು ಕೂತರು. ಕೂಗು ಮಾತ್ರ ಕೇಳಿದರೆ ಹಕ್ಕಿ ಆ ಕಡೆ ಬಂದಿತ್ತು ಎಂದಷ್ಟೇ ದಾಖಲಾಗುತ್ತದಂತೆ. ಛಾವಣಿಗಿಂತ ಕೆಳಗೆ ಹಾರಿದ್ದನ್ನು ಕಂಡರೆ ಆ ಕಾಡು ‘ವಾಸವಿರುವ ಕಾಡು’ ಎಂದು ದಾಖಲಾಗಿ ಕಾನೂನಿನ ದೃಷ್ಟಿಯಲ್ಲಿ ಅದರ ಸ್ಥಾನವೇ ಬದಲಾಗುತ್ತದಂತೆ. ಒಂದು ಕ್ಷಣದ ಆ ಕಪ್ಪು ಚುಕ್ಕೆಯ ಮೇಲೆ ಇಡೀ ತಾಕಿನ ಹಣೆಬರಹ ನಿಂತಿತ್ತು. ಎರಡನೆಯ ದಿನ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ನಮಗೆ ಏನೂ ಸಿಗಲಿಲ್ಲ.

ಇದಕ್ಕಾಗಿಯೇ ಅವರ ನಿಯಮ ಒಂದೇ ಜಾಗಕ್ಕೆ ಎರಡು ವರ್ಷ, ಹಲವು ಬಾರಿ ಹೋಗಬೇಕೆನ್ನುತ್ತದೆ. ಅಷ್ಟಾದರೂ ಸಾಲದ ಸಂದರ್ಭಗಳಿವೆ, ಏಕೆಂದರೆ ಹಕ್ಕಿ ಕಾಡಿಗೆ ಬರುವುದೋ ಬಿಡುವುದೋ ತೀರ್ಮಾನವಾಗುವುದು ಕಡಲಿನಲ್ಲಿ. ನೀರು ಬೆಚ್ಚಗಾಗಿ ಮೀನು ಕಡಿಮೆಯಾದ ವರ್ಷಗಳಲ್ಲಿ ಇವು ಮರಿ ಮಾಡುವ ಗೋಜಿಗೇ ಹೋಗದೆ ಸಮುದ್ರದಲ್ಲೇ ಉಳಿದುಬಿಡುವುದುಂಟು ಎಂಬುದನ್ನು ಓರೆಗಾನ್‌ನ ಸಂಶೋಧನೆಗಳು ತೋರಿಸಿವೆ. ಅಂಥ ವರ್ಷದಲ್ಲಿ ಹತ್ತು ಸಲ ಹೋಗಿ ಬರಿಗೈಯಲ್ಲಿ ಬಂದವರು ‘ಇಲ್ಲ’ ಎಂದು ಬರೆದರೆ ಅದು ಕಾಡಿನ ಬಗೆಗಿನ ಮಾತಲ್ಲ. ಕೊಂಬೆ, ಪಾಚಿ, ಛಾವಣಿ ಎಲ್ಲ ಇದ್ದ ಹಾಗೇ ಇರುತ್ತವೆ, ಖಾಲಿಯಾಗಿರುವುದು ಕಡಲು.

ನಕ್ಷೆಗೆ ಕೊಟ್ಟ ಜಾಗಗಳ ಪಟ್ಟಿಯೂ ನಿಷ್ಪಕ್ಷಪಾತವಾದದ್ದಲ್ಲ. ಸಮೀಕ್ಷೆಗಳಲ್ಲಿ ಬಹಳಷ್ಟು ನಡೆದದ್ದು ಕಡಿತಲೆಗೆ ಗೊತ್ತುಮಾಡಿದ ತಾಕುಗಳಲ್ಲಿ, ಕಡಿಯುವ ಮುಂಚೆ ನೋಡಲೇಬೇಕು ಎಂಬ ಕಾರಣಕ್ಕೆ. ರಸ್ತೆ ಇಲ್ಲದ ಕಡಿದಾದ ಕಣಿವೆಗಳಿಗೆ ನಸುಕಿನಲ್ಲಿ ಹೋಗುವವರು ಕಡಿಮೆ. ಬ್ರಿಟಿಷ್ ಕೊಲಂಬಿಯದ ಡೆಸೊಲೇಷನ್ ಸೌಂಡ್ ಎಂಬಲ್ಲಿ ಸಂಶೋಧಕರು ಇದನ್ನು ತಿರುಗಿಸಿ ಹಾಕಿದರು. ರಾತ್ರಿ ದೋಣಿಯಲ್ಲಿ ಹೋಗಿ, ದೀಪದ ಬೆಳಕಿಗೆ ಕಂಗೆಟ್ಟ ಹಕ್ಕಿಗಳನ್ನು ಕೈಬಲೆಯಲ್ಲಿ ಹಿಡಿದು, ಪುಟ್ಟ ರೇಡಿಯೊ ಕಟ್ಟಿ ಬಿಟ್ಟು, ಆಮೇಲೆ ಹೆಲಿಕಾಪ್ಟರಿನಲ್ಲಿ ಆ ಸಂಕೇತದ ಜಾಡು ಹಿಡಿದು ಹೋದರು. ಹೀಗೆ ನೂರಕ್ಕೂ ಹೆಚ್ಚು ಗೂಡುಗಳು ಸಿಕ್ಕವು. ಅವುಗಳಲ್ಲಿ ಬಹಳಷ್ಟು ಮನುಷ್ಯರು ಕಾಲಿಡಲು ಹಿಂಜರಿಯುವ ಕಡಿದಾದ ಇಳಿಜಾರುಗಳಲ್ಲಿದ್ದವು, ಕೆಲವಂತೂ ಮರಗಳಲ್ಲಿರದೆ ಬಂಡೆಯ ಮೇಲೇ ಇದ್ದವು. ಮನುಷ್ಯ ಹೋದಲ್ಲಿ ಹಕ್ಕಿಯನ್ನು ಹುಡುಕುವುದಕ್ಕೂ ಹಕ್ಕಿ ಹೋದಲ್ಲಿಗೆ ಮನುಷ್ಯ ಹೋಗುವುದಕ್ಕೂ ಎಷ್ಟು ವ್ಯತ್ಯಾಸವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ತಮ್ಮ ಬರಹ ಪೂರ್ತಿ ಬಿಟ್ಟುಬಿಟ್ಟ ಇನ್ನೊಂದು ಅಂಶವಿದೆ, ನನ್ನ ಮಟ್ಟಿಗೆ ಅದೇ ಮುಖ್ಯ. ತಂತ್ರಾಂಶ ಕೊಡುವುದು ಸೊನ್ನೆಯಿಂದ ಒಂದರವರೆಗಿನ ಅಂಕಗಳನ್ನು. ಎಷ್ಟು ಅಂಕಕ್ಕಿಂತ ಮೇಲಿದ್ದರೆ ‘ಗೂಡುಗಾಡು’ ಎಂದು ಬಣ್ಣ ಬಳಿಯಬೇಕು ಎಂಬ ಗೆರೆಯನ್ನು ಎಳೆಯುವವರು ಮನುಷ್ಯರು. ಗೆರೆಯನ್ನು ಸ್ವಲ್ಪ ಕೆಳಗಿಳಿಸಿದರೆ ಲಕ್ಷಾಂತರ ಎಕರೆ ಸೇರುತ್ತದೆ, ಮೇಲಕ್ಕೆತ್ತಿದರೆ ಅಷ್ಟೇ ಎಕರೆ ಬಿಟ್ಟುಹೋಗುತ್ತದೆ. ಕೆಳಗಿಳಿಸಿದರೆ ಹಕ್ಕಿಯಿಲ್ಲದ ಕೆಲವು ತಾಕುಗಳೂ ಒಳಗೆ ಬಂದು ನಾಟಾದವರಿಗೆ ನಷ್ಟವಾಗಬಹುದು. ಮೇಲಕ್ಕೆತ್ತಿದರೆ ಹಕ್ಕಿಯಿರುವ ಕೆಲವು ತಾಕುಗಳು ಹೊರಗೆ ಬೀಳಬಹುದು. ಈ ಎರಡು ತಪ್ಪುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂದು ನನಗನಿಸುತ್ತದೆ. ಉಳಿಸಿದ ಮರವನ್ನು ಹತ್ತು ವರ್ಷದ ನಂತರ ಬೇಕಾದರೆ ಕಡಿಯಬಹುದು. ಕಡಿದ ಮರ ಮತ್ತೆ ಪಾಚಿಯ ಕೊಂಬೆ ಬಿಡಲು ಏಳೆಂಟು ತಲೆಮಾರು ಬೇಕು. ಗೆರೆ ಎಲ್ಲಿರಬೇಕೆಂಬುದು ಹೀಗೆ ಜನ, ಕಾನೂನು, ಸರ್ಕಾರ ಸೇರಿ ಎಲ್ಲರ ಮುಂದೆ ತೀರ್ಮಾನಿಸಬೇಕಾದ ಸಂಗತಿ. ‘ಕಂಪ್ಯೂಟರ್ ಹೇಳಿತು’ ಎಂದು ಬರೆದಾಗ ಆ ತೀರ್ಮಾನಕ್ಕೆ ಹೊಣೆ ಹೊರುವವರು ಮರೆಯಾಗಿಬಿಡುತ್ತಾರೆ.

ಕಾಡಿನ ನಷ್ಟವನ್ನು ಹಿಡಿಯುವುದರಲ್ಲಿ ಈ ನಕ್ಷೆಗಳು ಚುರುಕು, ಗಳಿಕೆಯನ್ನು ಹೇಳುವುದರಲ್ಲಿ ಅಷ್ಟು ನಂಬಿಕಸ್ಥವಲ್ಲ. ಕಡಿದದ್ದು ಮುಂದಿನ ವರ್ಷದ ಚಿತ್ರದಲ್ಲೇ ಬೋಳಾಗಿ ಕಾಣುತ್ತದೆ. ನೆಟ್ಟ ಕಾಡು ಐವತ್ತು ಅರವತ್ತು ವರ್ಷಕ್ಕೆ ಎತ್ತರವಾಗಿ ದಟ್ಟವಾಗಿ ಬೆಳೆದಾಗ ಅದು ಹಳೆಗಾಡೋ ನೆಡುತೋಪೋ ಎಂದು ಮೇಲಿನಿಂದ ಬೇರ್ಪಡಿಸುವುದು ಕಷ್ಟ. ಒಳಗೆ ಹೊಕ್ಕು ತಲೆಯೆತ್ತಿದರೆ ಮಾತ್ರ ಕೊಂಬೆಗಳೆಲ್ಲ ಹೆಬ್ಬೆರಳು ಗಾತ್ರ, ಪಾಚಿ ಇಲ್ಲ ಎಂದು ತಿಳಿಯುತ್ತದೆ. ನಮ್ಮ ಅಕೇಶಿಯ ತೋಪುಗಳನ್ನು ದೂರದಿಂದ ಕಂಡು ‘ಎಂಥಾ ಹಸಿರು’ ಎನ್ನುವವರನ್ನು ಬಸ್ಸಿನಲ್ಲಿ ದಿನಾ ಕೇಳುತ್ತೇನೆ. ತೋಪಿನ ಅಂಚು ಹಳೆಗಾಡಿಗೆ ತಾಗಿದಲ್ಲಿ ಇನ್ನೊಂದು ಕಾಟ: ಕಾಗೆ ಕುಲದ ಸ್ಟೆಲ್ಲರ್ಸ್ ಜೇ, ರೇವನ್ ಹಕ್ಕಿಗಳು ಅಂಚುಗಳಲ್ಲಿ ಅಡ್ಡಾಡುತ್ತ ಮೊಟ್ಟೆ, ಮರಿಗಳನ್ನು ಕದಿಯುತ್ತವೆ, ಪ್ರವಾಸಿಗರು ಚೆಲ್ಲಿದ ತಿಂಡಿಯ ಚೂರು ಇದ್ದರಂತೂ ಅಲ್ಲೇ ಬೀಡುಬಿಡುತ್ತವೆ. ಒಂದು ಚೌಕ ಹಾಗೇ ಉಳಿದು ಪಕ್ಕದ ಚೌಕ ಬೋಳಾದರೆ ಉಳಿದದ್ದೂ ಅರ್ಧ ಹೋದಂತೆಯೇ. ಎಕರೆಯ ಒಟ್ಟು ಮೊತ್ತ ಮಾತ್ರ ಅಚ್ಚು ಮಾಡಿದರೆ ಇದು ಕಾಣುವುದಿಲ್ಲ.

ವರ್ಷವನ್ನು ನಮೂದಿಸದೆ ನಕ್ಷೆಯನ್ನು ಪ್ರಕಟಿಸುವುದೂ ಸಲ್ಲ. 2020ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿ ಬಿಗ್ ಬೇಸಿನ್ ಉದ್ಯಾನದ ನೂರಕ್ಕೆ ತೊಂಬತ್ತೇಳರಷ್ಟು ಭಾಗವನ್ನು ಸುಟ್ಟಿತು. ಮೊದಲ ಗೂಡು ಸಿಕ್ಕ ಕಾಡು ಅದೇ. ಹಳೆಯ ರೆಡ್‌ವುಡ್ ಮರಗಳು ಗಟ್ಟಿ ಜೀವ. ಸುಟ್ಟ ಕಾಂಡದಿಂದಲೇ ಹೊಸ ಚಿಗುರು ಹೊರಡಿಸಿ ಅವುಗಳಲ್ಲಿ ಹೆಚ್ಚಿನವು ಬದುಕಿವೆ. ಆದರೆ ಆ ಹಸಿರು ಕಾಂಡದ ಮೈಗಂಟಿಕೊಂಡ ಎಳೆ ಚಿಗುರಿನದು, ಮೊಟ್ಟೆ ಹೊರುವ ಕೊಂಬೆಯದಲ್ಲ. 2019ರ ನಕ್ಷೆ ಹಿಡಿದು ಇಂದು ಅಲ್ಲಿಗೆ ಹೋದವನಿಗೆ ಮರ ಸಿಗುತ್ತದೆ, ಕೊಂಬೆ ಸಿಗುವುದಿಲ್ಲ.

ಇದೆಲ್ಲ ದೂರದ ಊರಿನ ಮಾತು ಎನ್ನುವವರಿಗೆ ಒಂದೇ ಸಂಗತಿ ಹೇಳುತ್ತೇನೆ: ಮ್ಯಾಕ್ಸೆಂಟ್ ತಂತ್ರಾಂಶವನ್ನೇ ಬಳಸಿ ನಮ್ಮ ಪಶ್ಚಿಮ ಘಟ್ಟದ ಪ್ರಾಣಿ, ಪಕ್ಷಿ, ಸಸ್ಯಗಳ ನೆಲೆಯ ನಕ್ಷೆಗಳೂ ತಯಾರಾಗುತ್ತಿವೆ. ಮುಂದೊಂದು ದಿನ ಅಂಥದೊಂದು ನಕ್ಷೆ ನಮ್ಮ ಘಟ್ಟದ ಯಾವುದೋ ಯೋಜನೆಯ ಕಡತದಲ್ಲಿ ಬಂದು, ಅದರ ಸುದ್ದಿ ತಮ್ಮ ಪತ್ರಿಕೆಯಲ್ಲೂ ಬರಬಹುದು. ಆಗ ನಕ್ಷೆಯ ಜೊತೆಗೆ ಅದು ಯಾವ ವರ್ಷದ್ದು, ಒಂದು ಚೌಕ ಎಷ್ಟು ಗುಂಟೆಯದು, ಗೆರೆಯನ್ನು ಎಲ್ಲಿ ಎಳೆದಿದ್ದಾರೆ, ಯಾರು ಎಳೆದರು, ಮತ್ತು ಬಣ್ಣವಿಲ್ಲದ ಜಾಗದಲ್ಲಿ ಯಾರಾದರೂ ನಡೆದು ನೋಡಿದ್ದಾರೆಯೇ ಎಂಬುದನ್ನು ಕೆಳಗೆ ಎರಡು ಸಾಲಿನಲ್ಲಿ ಅಚ್ಚು ಮಾಡಬೇಕೆಂದು ಕೋರುತ್ತೇನೆ. ಎರಡು ಸಾಲಿಗೆ ಜಾಗ ಸಾಲದಿದ್ದರೆ ಚಿತ್ರವನ್ನು ಸ್ವಲ್ಪ ಚಿಕ್ಕದು ಮಾಡಬಹುದು.

ಚಿತ್ರ ಎಂದಾಗ ನೆನಪಾಯಿತು. ಬರಹದೊಂದಿಗೆ ಮೂರು ಕಾಲಮ್ ಅಗಲಕ್ಕೆ ಅಚ್ಚಾಗಿದ್ದ, ಕಿತ್ತಳೆ ಬಣ್ಣದ ದೊಡ್ಡ ಕೊಕ್ಕಿನ ಚೆಂದದ ಹಕ್ಕಿ ಮರ್ಲೆಟ್ ಅಲ್ಲ, ಪಫಿನ್. ಅದು ದ್ವೀಪಗಳ ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಮರ್ಲೆಟ್ ಮರಿ ಮಾಡುವ ಕಾಲದಲ್ಲಿ ಮರದ ತೊಗಟೆಯಂತೆ ಕಂದು ಮಚ್ಚೆಗಳಿಂದ ಕೂಡಿದ್ದು, ಕೊಂಬೆಯ ಮೇಲೆ ಕೂತರೆ ಹತ್ತು ಅಡಿ ದೂರದಿಂದಲೂ ಗುರುತು ಸಿಗುವುದಿಲ್ಲ. ತಿದ್ದುಪಡಿಯಲ್ಲಿ ಇದನ್ನೂ ಸೇರಿಸಬೇಕಾಗಿ ವಿನಂತಿ.

ಇಂತಿ,
ತಮ್ಮ ಓದುಗ,
ಶಿರಸಿ